ಶಿಷ್ಯರ ಹಿಂದೆ ಬಂದ ಮೇಷ್ಟ್ರು

ಪರೀಕ್ಷೆಯ ಹೊತ್ತಿಗೆ ಮಗ ಗಿಟಾರ್ ಹಿಡಿದು ಕೂತರೆ ಯಾವ ಅಪ್ಪ ಅಮ್ಮನಿಗಾದರೂ ಎದೆ ಧಸಕ್ಕೆನ್ನುತ್ತದೆ. 1970ರ ಸೆಪ್ಟೆಂಬರಿನಲ್ಲಿ ಗಿಟಾರ್ ಮಾಂತ್ರಿಕ ಜಿಮಿ ಹೆಂಡ್ರಿಕ್ಸ್ ಲಂಡನ್ನಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ, ಅಮೆರಿಕದ ಜೋ ಸಾಟ್ರಿಯಾನಿ ಎಂಬ ಹುಡುಗ ಶಾಲೆಯ ಫುಟ್‌ಬಾಲ್ ಅಭ್ಯಾಸದಲ್ಲಿದ್ದ. ವಯಸ್ಸು 14. ಸೀದಾ ಕೋಚ್ ಬಳಿ ಹೋಗಿ, ಇನ್ನು ಆಟ ಸಾಕು, ತಾನು ಗಿಟಾರ್ ವಾದಕನಾಗುವೆನೆಂದು ಹೇಳಿಬಿಟ್ಟ.

ಹುಡುಗುಬುದ್ಧಿಯ ಮಾತೆಂದು ನಗಬಹುದಿತ್ತು. ಆದರೆ ಕೆಲವೇ ವರ್ಷಗಳಲ್ಲಿ ಹುಡುಗ ಬೇರೆಯವರಿಗೆ ಪಾಠ ಹೇಳುವಷ್ಟು ಕಲಿತ. ಆಗ ಬಂದ ಶಿಷ್ಯ ಸ್ಟೀವ್ ವಾಯ್. ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಕಲಿತ ಕರ್ಕ್ ಹ್ಯಾಮೆಟ್ 1983ರಲ್ಲಿ ಮೆಟಾಲಿಕಾ ತಂಡ ಸೇರಿ ಲೋಕಪ್ರಸಿದ್ಧನಾದ. ಶಿಷ್ಯರು ಮೆರೆಯುತ್ತಿದ್ದರೆ ಮೇಷ್ಟ್ರು ಪಾಠ ಹೇಳುತ್ತಲೇ ಇದ್ದರು.

ಅವರ ಮೊದಲ ಆಲ್ಬಂ 1986ರಲ್ಲಿ ಬಂದದ್ದು ಕ್ರೆಡಿಟ್ ಕಾರ್ಡಿನ ಸಾಲದಿಂದ. ಮರುವರ್ಷ ಬಂದದ್ದೇ 'ಸರ್ಫಿಂಗ್ ವಿತ್ ದಿ ಏಲಿಯನ್'. ಇದರಲ್ಲಿ ಹಾಡುವವರೇ ಇಲ್ಲ, ಹಾಡಬೇಕಾದದ್ದೂ ಗಿಟಾರೇ. ಹಾರ್ಡ್ ರಾಕ್‌ನ ಅಬ್ಬರ, ಹೆವಿ ಮೆಟಲ್‌ನ ಗಡಸು, ಕುಣಿಸುವ ಬೂಗಿ ಎಲ್ಲವೂ ಇಲ್ಲಿ ಒಟ್ಟಿಗೆ ಇವೆ. 'ಐಸ್ 9' ಎಂಬ ರಚನೆಗೆ ಹೆಸರು ಸಿಕ್ಕಿದ್ದು ಕರ್ಟ್ ವಾನೆಗಟ್ ಅವರ 1963ರ ಕಾದಂಬರಿಯಿಂದ. ನೀರನ್ನು ಮುಟ್ಟಿದೊಡನೆ ಹೆಪ್ಪುಗಟ್ಟಿಸುವ ಕಲ್ಪನೆಯ ಮಂಜುಗಡ್ಡೆ ಅದು.

'ಮಿಡ್‌ನೈಟ್' ಎಂಬ ಪುಟ್ಟ ರಚನೆಯಲ್ಲಿ ತಂತಿ ಮೀಟುವ ಬದಲು ಎರಡೂ ಕೈಗಳ ಬೆರಳುಗಳು ಪಿಯಾನೊ ನುಡಿಸುವಂತೆ ತಂತಿಗಳ ಮೇಲೆ ತಟ್ಟುತ್ತವೆ. ಬೆರಳು ಒತ್ತಿದ ಜಾಗದಿಂದಾಚೆಗಿನ ತಂತಿಯಷ್ಟೇ ಕಂಪಿಸುತ್ತದೆ. ಆ ಉದ್ದ ಅರ್ಧವಾದರೆ ಆವೃತ್ತಿ ಇಮ್ಮಡಿಯಾಗಿ, ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಉರುಹೊಡೆದ ನಿಯಮ ಇಲ್ಲಿ ಕಿವಿಗೆ ಕೇಳಿಸುತ್ತದೆ!

ಮಾತಿಲ್ಲದ ಆ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 29ನೇ ಸ್ಥಾನಕ್ಕೇರಿತು. 1988ರಲ್ಲಿ ರೋಲಿಂಗ್ ಸ್ಟೋನ್ಸ್ ಖ್ಯಾತಿಯ ಮಿಕ್ ಜಾಗರ್ ತಮ್ಮ ಸಂಗೀತ ಪ್ರವಾಸಕ್ಕೆ ಮೇಷ್ಟ್ರನ್ನು ಕರೆದುಕೊಂಡರು. ಆ ಹೊತ್ತಿಗೆ ಅವರಿಗೆ ಮೂವತ್ತು ದಾಟಿತ್ತು.

ಕೋಚ್ ಮುಂದೆ ಆಡಿದ ಮಾತಿಗೂ ಈ ಆಲ್ಬಮಿಗೂ ನಡುವೆ 17 ವರ್ಷಗಳ ಅಂತರ. ಅಷ್ಟು ಕಾಲ ನಡೆದದ್ದು ಅಭ್ಯಾಸ, ಪಾಠ, ಮತ್ತೆ ಅಭ್ಯಾಸ. ಗಿಟಾರ್ ಬೇಕೆಂದು ಹಟ ಹಿಡಿದ ಮಕ್ಕಳೆಲ್ಲ ಸಾಟ್ರಿಯಾನಿ ಆಗುವುದಿಲ್ಲ, ನಿಜ. ಆದರೆ ಶೋಕಿ ಯಾವುದು, ಶ್ರದ್ಧೆ ಯಾವುದು ಎಂದು ಮೊದಲ ದಿನದ ಉತ್ಸಾಹ ನೋಡಿ ಹೇಳಲಾಗದು. ಮುನ್ನೂರನೆಯ ದಿನವೂ ಕೋಣೆಯಿಂದ ಅದೇ ಸ್ವರ ಕೇಳಿಬರುತ್ತಿದ್ದರೆ, ಅಪ್ಪ ಅಮ್ಮ ಬಾಗಿಲು ಬಡಿಯುವ ಮುನ್ನ ಒಂದು ಗಳಿಗೆ ನಿಂತು ಕೇಳಬಹುದು.