ಏಳು ತಿಂಗಳ ಕೂಸಿನ ಮೊದಲ ಉಸಿರು



ನಿಮ್ಮ ತಂಗಿಗೆ 29ನೇ ವಾರದಲ್ಲೇ ಹೆರಿಗೆಯಾಗಬಹುದು, ಮಗುವಿಗೆ ಉಸಿರಾಟದ ಆಸರೆ ಬೇಕಾದೀತು ಎಂದು ವೈದ್ಯರು ಹೇಳಿದ್ದಾರೆಂದು ಬರೆದಿದ್ದೀರಿ. ಆ ಆಸರೆ ಎಂದರೇನು ಎಂಬುದು ತಿಳಿದರೆ ಭಯ ಸ್ವಲ್ಪವಾದರೂ ಇಳಿದೀತು.

ಹೊಟ್ಟೆಯೊಳಗೆ ಕೂಸಿನ ಶ್ವಾಸಕೋಶದ ತುಂಬ ದ್ರವವಿರುತ್ತದೆ. ಹುಟ್ಟಿದ ಗಳಿಗೆಯಲ್ಲಿ ಅದು ಸರಿದು ಗಾಳಿ ತುಂಬಬೇಕು. ಉಸಿರು ಬಿಟ್ಟಾಗಲೂ ಒಂದಿಷ್ಟು ಗಾಳಿ ಒಳಗೇ ಉಳಿಯಬೇಕು. ಹಾಗೆ ಉಳಿಯಲು ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನ ಪದರ ಬೇಕು. ಬೇಗ ಹುಟ್ಟಿದ ಮಕ್ಕಳಲ್ಲಿ ಅದು ಸಾಲದು. ಒದ್ದೆ ಪ್ಲಾಸ್ಟಿಕ್ ಚೀಲದ ಒಳಬದಿಗಳಂತೆ ಪುಟ್ಟ ಗಾಳಿಗೂಡುಗಳು ಪ್ರತಿ ಉಸಿರಿಗೂ ಅಂಟಿಕೊಳ್ಳುತ್ತವೆ. ಬಿಡಿಸಿ ಬಿಡಿಸಿ ಕೂಸು ಸೋಲುತ್ತದೆ.

ಬಾಸ್ಟನ್ನಿನಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ಈ ಕಾರಣವನ್ನು ಕಂಡುಹಿಡಿದದ್ದು 1959ರಲ್ಲಿ. ನಾಲ್ಕೇ ವರ್ಷದ ನಂತರ ಅದೇ ಊರಿನ ಆಸ್ಪತ್ರೆಯಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ಇದೇ ತೊಂದರೆಯಿಂದ ತೀರಿಕೊಂಡ. ಸುಮಾರು ಐದೂವರೆ ವಾರ ಮೊದಲೇ ಹುಟ್ಟಿದ್ದ; ಬದುಕಿದ್ದು 39 ಗಂಟೆ. ಕಾರಣ ಗೊತ್ತಿತ್ತು, ಉಪಾಯ ಇರಲಿಲ್ಲ.

ಉಪಾಯವನ್ನು ಒಂದು ರೀತಿಯಲ್ಲಿ ಕೂಸುಗಳೇ ತೋರಿಸುತ್ತಿದ್ದವು. ಉಸಿರಿಗೆ ಒದ್ದಾಡುವ ಮಗು ನರಳುವುದನ್ನು ಕೇಳಿರಬಹುದು. ಗಂಟಲನ್ನು ಅರ್ಧ ಮುಚ್ಚಿ, ಗಾಳಿಯನ್ನು ಒಳಗೇ ಹಿಡಿದಿಡಲು ಅದು ತಾನಾಗಿ ಮಾಡುವ ಪ್ರಯತ್ನ ಆ ನರಳಿಕೆ. ಸಾನ್ ಫ್ರಾನ್ಸಿಸ್ಕೋದ ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಇದೇ ಕೆಲಸವನ್ನು ಯಂತ್ರದಿಂದ ಮಾಡಿಸಿದರು: ಸದಾ ಒಂದು ಹಿತವಾದ ಒತ್ತಡದ ಗಾಳಿ. 1971ರಲ್ಲಿ ಅವರು ಪ್ರಕಟಿಸಿದ ವರದಿಯಲ್ಲಿ ತೀವ್ರವಾಗಿ ನರಳುತ್ತಿದ್ದ 20 ಮಕ್ಕಳಲ್ಲಿ 16 ಬದುಕಿದ್ದವು. ಅದನ್ನೇ ಇಂದು ಸಿಪ್ಯಾಪ್ ಎನ್ನುತ್ತಾರೆ. ಮೂಗಿಗೆ ಪುಟ್ಟ ಕೊಳವೆ ಇಡುತ್ತಾರೆ, ಉಸಿರಾಡುವುದು ಮಗುವೇ.

ನನಗೆ ತುಂಬ ಮುಖ್ಯವೆನಿಸುವುದು ಆಮೇಲಿನ ಪಾಠ. ಬಹಳ ಕಾಲ ಅತಿ ಚಿಕ್ಕ ಮಕ್ಕಳಿಗೆ ಹುಟ್ಟಿದೊಡನೆ ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರ್ ಹಾಕುತ್ತಿದ್ದರು. 2008ರ ಒಂದು ದೊಡ್ಡ ಅಧ್ಯಯನದಲ್ಲಿ, 25ರಿಂದ 28 ವಾರಕ್ಕೆ ಹುಟ್ಟಿ ತಾವಾಗಿ ಉಸಿರಾಡುತ್ತಿದ್ದ ಮಕ್ಕಳಿಗೆ ಸಿಪ್ಯಾಪ್‌ನಿಂದಲೇ ಶುರುಮಾಡಿದಾಗ, ಮೊದಲ ಐದು ದಿನ ಅರ್ಧಕ್ಕಿಂತ ಹೆಚ್ಚಿನವರಿಗೆ ನಳಿಕೆ ಬೇಕಾಗಲೇ ಇಲ್ಲ. ಹುಟ್ಟಿದ ತಕ್ಷಣ ದೀರ್ಘವಾಗಿ ಗಾಳಿ ಊದಿ ಶ್ವಾಸಕೋಶ ಬಿಡಿಸುವ ಪ್ರಯೋಗವೂ ನಡೆಯಿತು. ಹಾಗೆ ಊದಿದ ಮಕ್ಕಳ ಗುಂಪಿನಲ್ಲಿ ಮೊದಲ ಎರಡು ದಿನಗಳ ಸಾವು ಹೆಚ್ಚೆಂದು ಕಂಡು ನಡುವೆಯೇ ನಿಲ್ಲಿಸಿದರು. ಆಮ್ಲಜನಕವನ್ನೂ ಈಗ ಧಾರಾಳವಾಗಿ ಸುರಿಯುವುದಿಲ್ಲ. ಅಳೆದು ಕೊಟ್ಟು, ರಕ್ತದಲ್ಲಿನ ಆಮ್ಲಜನಕದ ಮಟ್ಟ ನೋಡಿಕೊಂಡು ಏರಿಳಿಸುತ್ತಾರೆ. ಆದ್ದರಿಂದ ಮಗುವಿಗೆ ವೆಂಟಿಲೇಟರ್ ಹಾಕಲಿಲ್ಲವೆಂದರೆ ಅದನ್ನು ಅಸಡ್ಡೆ ಎಂದುಕೊಳ್ಳಬೇಡಿ. ಸಿಪ್ಯಾಪ್ ಸಾಲದಿದ್ದರೆ ಸರ್ಫ್ಯಾಕ್ಟೆಂಟ್ ಔಷಧ, ವೆಂಟಿಲೇಟರ್ ಎರಡೂ ಇವೆ.

"ಏಳು ತಿಂಗಳಿನದು ಉಳಿಯುತ್ತೆ, ಎಂಟರದು ಉಳಿಯೋಲ್ಲ" ಎಂದು ಮನೆಯ ಹಿರಿಯರು ಹೇಳಿದರೆ ನಂಬಬೇಡಿ. ಒಳಗೆ ಕಳೆದ ಒಂದೊಂದು ವಾರವೂ ಲಾಭವೇ.

ಈಗ ನೀವು ಮಾಡಬೇಕಾದದ್ದು ಎರಡು. ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಬಗ್ಗೆ ಇಂದೇ ವೈದ್ಯರನ್ನು ಕೇಳಿ. ಆ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ಐಸಿಯು, ಸಿಪ್ಯಾಪ್ ಇಲ್ಲದಿದ್ದರೆ, ಹೆರಿಗೆಯಾದ ಮೇಲೆ ಕೂಸನ್ನು ಹೊತ್ತು ಓಡುವ ಬದಲು, ವೈದ್ಯರನ್ನೇ ಕೇಳಿ ತಂಗಿಯನ್ನು ಈಗಲೇ ಅವು ಇರುವ ಕಡೆಗೆ ಸೇರಿಸಿ.