ಚೌಕಟ್ಟಿಗೆ ಸಿಕ್ಕ ನವಿಲು

ದೊಡ್ಡದನ್ನು ಚಿಕ್ಕದು ಮಾಡುವ ವಿದ್ಯೆ ನಮ್ಮ ಹೆಂಗಸರಿಗೆ ಹೊಸದೇನಲ್ಲ. ಅತ್ತೆಯ ಕುಪ್ಪಸವನ್ನು ಸೊಸೆಗೆ, ಹರಿದ ಇಳಕಲ್ ಸೀರೆಯನ್ನು ಕೌದಿಗೆ, ಹತ್ತು ಜನರ ಅಡಿಗೆಯನ್ನು ಆರು ಜನರಿಗೆ ಇಳಿಸುತ್ತಲೇ ಬಂದವರು ನಾವು. ಆದರೆ ಎಲ್ಲಿ ಮಡಿಸಬೇಕು, ಏನನ್ನು ಬಿಡಬೇಕು ಎಂಬುದನ್ನು ನಾವು ನಿಶ್ಚಯಿಸುತ್ತೇವೆಯೇ ಹೊರತು ಕತ್ತರಿ ನಿಶ್ಚಯಿಸುವುದಿಲ್ಲ. ಇಂಟರ್‌ನೆಟ್ಟಿನಲ್ಲಿ ನಡೆಯುವ ಫೋಟೋ ಸ್ಪರ್ಧೆಗಳಲ್ಲಿ ಮಾತ್ರ ಕತ್ತರಿಯೇ ಯಜಮಾನ. ಇದು ನನಗೆ ತಿಳಿದದ್ದು ನನ್ನ ತಂಗಿಯ ಮಗಳಿಂದ.

ತಂಗಿಯನ್ನು ಕೊಟ್ಟ ಊರು ನವಲಗುಂದ. ನವಿಲುಗುಂದವೇ ನವಲಗುಂದವಾಯಿತೆಂದು ಊರಿನವರು ಹೇಳುತ್ತಾರೆ. ಅಲ್ಲಿಯ ಜಮಖಾನೆಯ ಮೇಲೆ ನವಿಲುಗಳಂತೂ ಇವೆ, ನಡುವೆ ಪಗಡೆಯ ಹಾಸೂ ಇರುತ್ತದೆ. ಮಗ್ಗ ನೆಲದ ಮೇಲೆ ಮಲಗಿರುವುದಿಲ್ಲ. ಬಾಗಿಲ ಚೌಕಟ್ಟಿನ ಹಾಗೆ ನೆಟ್ಟಗೆ ನಿಂತಿರುತ್ತದೆ. ಅದರ ಮುಂದೆ ಕೂತು ಬಣ್ಣದ ಹತ್ತಿ ನೂಲನ್ನು ಹಾಸಿನ ಎಳೆಗಳ ನಡುವೆ ಕೈಯಿಂದಲೇ ತೂರಿಸಿ, ಕಬ್ಬಿಣದ ಪಂಜದಿಂದ ಬಡಿದು ಬಡಿದು ಕೂಡಿಸುತ್ತಾರೆ. ನೇಯುವವರು ಮುಸ್ಲಿಂ ಮನೆತನದ ಹೆಂಗಸರು. ಆದಿಲಶಾಹಿಯ ಕಾಲದಲ್ಲಿ ವಿಜಾಪುರದ ಕಡೆಯಿಂದ ಬಂದ ಕಸುಬು ಎಂದು ಹೇಳಿಕೆ. ಮಗಳಿಗೆ ಕಲಿಸಿದರೆ ಲಗ್ನವಾದ ಮೇಲೆ ವಿದ್ಯೆಯೂ ಬೇರೆ ಊರಿಗೆ ಹೋದೀತೆಂದು ಸೊಸೆಗೆ ಮಾತ್ರ ಕಲಿಸುವ ವಾಡಿಕೆ ಇತ್ತಂತೆ. ಅತ್ತೆ-ಸೊಸೆಯರ ನಡುವೆ ಗುಟ್ಟು ನಿಂತ ಮನೆಗಳು ನಮ್ಮ ನಾಡಿನಲ್ಲಿ ಬೇರೆ ಎಲ್ಲಾದರೂ ಇದ್ದಾವೆಯೋ ಇಲ್ಲವೋ! ಈಗ ಈ ಜಮಖಾನೆಗೆ ಸರಕಾರದ ಭೌಗೋಳಿಕ ಗುರುತು ಸಿಕ್ಕಿದೆ. ನೇಯುವ ಕೈಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿವೆ.

ಹುಡುಗಿ ಹುಬ್ಬಳ್ಳಿಯಲ್ಲಿ ಬಿ.ಎ. ಓದುತ್ತಾಳೆ. ಇಂಥ ಒಂದು ಮಗ್ಗದ ಮುಂದೆ ಕೂತ ಹೆಣ್ಣುಮಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಒಂದು ಸ್ಪರ್ಧೆಗೆ ಕಳಿಸಿದಳು. ಮಗ್ಗ ಎತ್ತರದ್ದು, ಹಾಗಾಗಿ ಮೊಬೈಲನ್ನು ನೆಟ್ಟಗೆ ಹಿಡಿದೇ ತೆಗೆದಿದ್ದಳು. ಚಿತ್ರ ನಿಜವಾಗಿಯೂ ಚೆಲುವಾಗಿತ್ತು. ಸ್ಪರ್ಧೆಯ ತಾಣದಲ್ಲಿ ಅದು ಕಾಣಿಸಿಕೊಂಡ ದಿನ ಕುಂದಗೋಳದಲ್ಲಿರುವ ಅವಳ ಸೋದರತ್ತೆ ನೋಡಿ ಫೋನು ಮಾಡಿದಳು: "ಚಂದ ಐತಿ ನೋಡವಾ. ಆ ಪ್ಲಾಸ್ಟಿಕ್ ಚಾಪಿ ಎಷ್ಟಕ್ಕ ಕೊಟ್ರ?"

ಹುಡುಗಿ ಅತ್ತೇಬಿಟ್ಟಳು. ಸಂತೆಯಲ್ಲಿ ಜಮಖಾನೆಯ ಹೊಟ್ಟೆಯ ಮೇಲೆ ಹೊಡೆದದ್ದೇ ಆ ಪ್ಲಾಸ್ಟಿಕ್ ಚಾಪೆ. ಸೋದರತ್ತೆಯ ಕಣ್ಣಿನಲ್ಲೇನೂ ದೋಷವಿರಲಿಲ್ಲ. ನಾನೂ ನೋಡಿದೆ. ಕೆಂಪು ಹಸಿರು ಬಣ್ಣಗಳು ನುಣ್ಣಗೆ ಬಳಿದ ಹಾಗಿದ್ದವು. ನೂಲು ಎಂಬುದೇ ಇರಲಿಲ್ಲ. ಅದರ ಮೇಲೆ, ನೇಯ್ದವಳು ನೇಯದೇ ಇದ್ದ ಬಾಗುಗೆರೆಗಳು ಅಲೆಯಲೆಯಾಗಿ ಎದ್ದಿದ್ದವು.

ಏಕೆ ಹೀಗಾಯಿತು? ಆ ಸ್ಪರ್ಧೆಯ ನಿಯಮ: ಅಗಲ 1920 ಚುಕ್ಕೆ ಮೀರಬಾರದು, ಎತ್ತರ 1080 ಮೀರಬಾರದು, ತೂಕ ಒಂದು ಎಂಬಿ ಒಳಗಿರಬೇಕು. ಇದು ಅವರೊಬ್ಬರ ಹಟವಲ್ಲ. ಬಹಳಷ್ಟು ಸ್ಪರ್ಧೆಗಳಲ್ಲಿ ಇದೇ ಅಳತೆ. ಎಚ್‌ಡಿ ಟೀವಿಯ, ಪ್ರೊಜೆಕ್ಟರಿನ ಪರದೆ ಅಷ್ಟು ಚುಕ್ಕೆಗಳದ್ದು, ತೀರ್ಪುಗಾರರು ಅದರ ಮೇಲೆ ನೋಡುತ್ತಾರೆ. ನ್ಯಾಯವಾಗಿಯೇ ಕಾಣುತ್ತದೆ, ಅಲ್ಲವೆ? ಲೆಕ್ಕ ಹಾಕಿ ನೋಡಿ. ಮೊಬೈಲಿನ ಚಿತ್ರ 4000ಕ್ಕೆ 3000 ಚುಕ್ಕೆ. ಅಡ್ಡ ಹಿಡಿದು ತೆಗೆದರೆ ಆ ಚೌಕಟ್ಟಿನಲ್ಲಿ 1440ಕ್ಕೆ 1080 ಆಗಿ ಕೂರುತ್ತದೆ. ನೆಟ್ಟಗೆ ಹಿಡಿದು ತೆಗೆದರೆ 810ಕ್ಕೆ 1080. ಅಂದರೆ ಮಲಗಿದ ಚಿತ್ರಕ್ಕೆ ಹದಿನೈದೂವರೆ ಲಕ್ಷ ಚುಕ್ಕೆ, ನಿಂತ ಚಿತ್ರಕ್ಕೆ ಒಂಬತ್ತು ಲಕ್ಷವೂ ಇಲ್ಲ. ಬೆಳಗಿನಿಂದ ನಿಂತೇ ಇರುವವಳಿಗೆ ಅರ್ಧ ತಾಟು, ಕಟ್ಟೆಯ ಮೇಲೆ ಮಲಗಿದವನಿಗೆ ತುಂಬಿದ ತಾಟು! ನಾವು ಕಾಣದ ನ್ಯಾಯವೇನಲ್ಲ ಬಿಡಿ. ತಮಾಷೆಯೆಂದರೆ ಅದೇ ಚಿತ್ರಗಳನ್ನು ಜನ ಮೊಬೈಲನ್ನು ನೆಟ್ಟಗೆ ಹಿಡಿದು ನೋಡುವಾಗ ಲೆಕ್ಕ ತಿರುಗುಮುರುಗು. ಅಲ್ಲಿ ನಿಂತ ಚಿತ್ರ ಪರದೆ ತುಂಬುತ್ತದೆ, ಮಲಗಿದ್ದು ನಡುವೆ ಒಂದು ಪಟ್ಟಿಯಾಗುತ್ತದೆ. ಆದರೆ ಬಹುಮಾನ ಕೊಡುವವರು ಮೊಬೈಲಿನಲ್ಲಿ ನೋಡುವುದಿಲ್ಲ.

ಒಂದು ಕೋಟಿ ಇಪ್ಪತ್ತು ಲಕ್ಷ ಚುಕ್ಕೆಯಲ್ಲಿ ಒಂಬತ್ತು ಲಕ್ಷ ಉಳಿಯಿತೆಂದರೆ ಹದಿನಾಲ್ಕಕ್ಕೆ ಒಂದು ಉಳಿದ ಹಾಗೆ. ಒಂದು ಮುಖಕ್ಕಾದರೆ ಅದು ಸಾಕು. ನೂಲಿಗೆ ಸಾಲದು. ಎಳೆಗೊಂದು ಚುಕ್ಕೆ, ಎಳೆಗಳ ನಡುವಿನ ಸಂದಿಗೊಂದು ಚುಕ್ಕೆ, ಕಡಿಮೆಯೆಂದರೆ ಎರಡು ಬೇಕು. ಇಲ್ಲದಿದ್ದರೆ ಎಳೆ ಇದೆಯೆಂದು ಪರದೆಗೆ ತಿಳಿಯುವುದೇ ಇಲ್ಲ. ತಿಳಿಯದೆ ಸುಮ್ಮನಿರುವುದೂ ಇಲ್ಲ, ಇಲ್ಲದ್ದನ್ನು ತೋರಿಸುತ್ತದೆ. ಸೊಳ್ಳೆಪರದೆಯ ಎರಡು ಪದರ ಒಂದರ ಮೇಲೊಂದು ಬಿದ್ದಾಗ ನೀರಿನ ಅಲೆಯಂಥ ಗೆರೆಗಳು ಏಳುವುದನ್ನು ನೀವು ನೋಡಿರುತ್ತೀರಿ. ಜಮಖಾನೆಯ ಎಳೆಗಳ ಸಾಲು ಒಂದು ಪದರ, ಪರದೆಯ ಚುಕ್ಕೆಗಳ ಸಾಲು ಇನ್ನೊಂದು. ಇದಕ್ಕೆ ಮ್ವಾರೆ ಎನ್ನುತ್ತಾರೆ. ಆ ಹೆಸರೂ ಬಟ್ಟೆಯದೇ. ನೀರಲೆಯ ಹೊಳಪು ತರಿಸಿದ ರೇಷ್ಮೆಗೆ ಫ್ರಾನ್ಸಿನವರು ಇಟ್ಟದ್ದು.

ಇನ್ನು ತೂಕದ ಮಾತು. ಚಿತ್ರವನ್ನು ಅಡಕಿ ಇಡುವ ಜೆಪೆಗ್ ಎಂಬ ಪದ್ಧತಿ ನಿಯಮವಾಗಿ ಬಂದದ್ದು 1992ರಲ್ಲಿ. ಅದು ಚಿತ್ರವನ್ನು ಎಂಟಕ್ಕೆ ಎಂಟು ಚುಕ್ಕೆಗಳ ಚೌಕಗಳಾಗಿ ಮಾಡಿ, ಪ್ರತಿ ಚೌಕದ ಅತಿ ಸೂಕ್ಷ್ಮವನ್ನು ಮೊದಲು ಕೈಬಿಡುತ್ತದೆ. ಬಣ್ಣದ ವಿವರವನ್ನು ಬಹಳ ಸಲ ಅರ್ಧಕ್ಕೇ ಇಳಿಸುತ್ತದೆ, ಕೆಂಪಿನ ಅಂಚಿಗೆ ಹಸಿರು ಬಂದಲ್ಲಿ ಗಡಿ ಕಲೆಸುವುದು ಅದಕ್ಕೇ. ಹೀಗಾಗಿ ಬೆಣ್ಣಿಹಳ್ಳದ ದಂಡೆಯ ಎರಿಹೊಲ, ಮೇಲೆ ಬರೀ ಆಕಾಶ, ಇಂಥ ಚಿತ್ರ ತೀರ ಹಗುರ. ಆಕಾಶ ಎಲ್ಲ ಒಂದೇ ಆದ್ದರಿಂದ ಅಡಕಿದರೂ ನೋಯುವುದಿಲ್ಲ. ಕಲಘಟಗಿಯ ಬಣ್ಣದ ತೊಟ್ಟಿಲು, ಕಸೂತಿಯ ಸೆರಗು, ಜಮಖಾನೆ ಇವು ಭಾರ. ಬೆರಳಗಲದಲ್ಲೂ ಏನೋ ಒಂದು ಕೆಲಸ ಇರುತ್ತದೆ. ಎಲ್ಲರಿಗೂ ಒಂದೇ ಎಂಬಿ ಎಂದಾಗ ಕೆಲಸ ಹೆಚ್ಚಿದ್ದ ಚಿತ್ರವೇ ಹೆಚ್ಚು ನಜ್ಜುಗುಜ್ಜಾಗುತ್ತದೆ. ಸ್ಪರ್ಧೆಗಳಲ್ಲಿ ಮಂಜು, ಒಂಟಿ ಮರ, ಮುದುಕರ ದೊಡ್ಡ ಮುಖಗಳೇ ಏಕೆ ಗೆಲ್ಲುತ್ತವೆ ಎಂದು ಕೇಳುವವರಿಗೆ ಪೂರ್ತಿ ಅಲ್ಲದಿದ್ದರೂ ಅರ್ಧ ಉತ್ತರ ಇಲ್ಲಿದೆ ಎಂದು ನನ್ನ ಗುಮಾನಿ.

ಎಲ್ಲ ಕಡೆಯೂ ಹೀಗೇ ಎಂದಲ್ಲ. ನೆದರ್‌ಲ್ಯಾಂಡ್ಸಿನಲ್ಲಿ 2010ರಲ್ಲಿ ಶುರುವಾಗಿ, 2012ರಲ್ಲಿ ಭಾರತಕ್ಕೂ ಬಂದ 'ವಿಕಿ ಲವ್ಸ್ ಮಾನ್ಯುಮೆಂಟ್ಸ್' ಸ್ಪರ್ಧೆಯಲ್ಲಿ ದೊಡ್ಡ ಚಿತ್ರವನ್ನೇ ಹಾಕಿ ಎನ್ನುತ್ತಾರೆ. ಮೂಲವನ್ನು ಹಾಗೆಯೇ ಇಟ್ಟು, ನೋಡುವವರ ಪರದೆಗೆ ತಕ್ಕಂತೆ ಸಣ್ಣ ಪ್ರತಿ ತೋರಿಸುತ್ತಾರೆ. ಅಣ್ಣಿಗೇರಿಯ ಅಮೃತೇಶ್ವರನ ಗುಡಿಯ 76 ಕಂಬಗಳಲ್ಲಿ ಯಾವುದರ ಕಡೆಯುವಿಕೆ ಬೇಕಾದರೂ ಒತ್ತಿ ಹತ್ತಿರಕ್ಕೆ ತಂದುಕೊಳ್ಳಬಹುದು. ಆದರೆ ಆ ಸ್ಪರ್ಧೆ ಸ್ಮಾರಕಗಳದ್ದು. ಮಗ್ಗದ ಮುಂದೆ ಕೂತವಳು ಸ್ಮಾರಕವಲ್ಲವಲ್ಲ, ಸದ್ಯ!

ಹುಡುಗಿ ಒಂದು ಉಪಾಯ ತಂದಳು. "ದೊಡ್ಡವ್ವಾ, ಕಂಪ್ಯೂಟರದಾಗ ಒಂದು ಎಐ ಐತಿ, ಸಣ್ಣ ಫೋಟೋನ ದೊಡ್ಡದು ಮಾಡಿ ಎಳಿ ಎಲ್ಲಾ ಮತ್ತ ತರತೈತಿ." ತಂದೂ ತೋರಿಸಿದಳು. ಎಳೆಗಳೇನೋ ಬಂದಿದ್ದವು. ಆದರೆ ಅದು ಊಹಿಸಿ ಎಳೆದದ್ದು, ನವಿಲಿಗೊಂದು ಕಣ್ಣು ಹೆಚ್ಚಾಗಿತ್ತು. ಕಸೂತಿ ಹಾಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗವಂತಿಯಲ್ಲಿ ಒಂದು ಗೋಪುರಕ್ಕೆ ಎಳೆ ಎಣಿಸಿಯೇ ಸೂಜಿ ಹಾಕುತ್ತೇವೆ. ದಪ್ಪ ಬಟ್ಟೆಯ ಮೇಲೆ ಗೋಪುರ ಅಗಲವಾಗುತ್ತದೆ, ತೆಳು ಬಟ್ಟೆಯ ಮೇಲೆ ಕಿರಿದಾಗುತ್ತದೆ, ಎಣಿಕೆ ಅದೇ. ಫೋಟೋದ ಚುಕ್ಕೆಯೂ ಹಾಗೇ. ಪರದೆಗೆ ಇಂಚು ಗೊತ್ತಿಲ್ಲ, ಎಣಿಕೆ ಗೊತ್ತು. ಕೆಲವು ಸ್ಪರ್ಧೆಗಳು '300 ಡಿಪಿಐ' ಇರಲಿ ಎನ್ನುತ್ತವೆ. ಕಾಗದದ ಮೇಲೆ ಅಚ್ಚು ಹಾಕುವ ತನಕ ಆ ಮಾತಿಗೆ ಅರ್ಥವಿಲ್ಲ. ಎಣಿಕೆ ಒಮ್ಮೆ ಕಳೆದರೆ ಯಾವ ಎಐಯೂ ಅದನ್ನು ಮರಳಿ ಎಣಿಸಲಾರದು.

ಗಡುವಿಗೆ ಇನ್ನೂ ಹತ್ತು ದಿನವಿತ್ತು, ಚಿತ್ರ ಬದಲಿಸಲು ಅವಕಾಶವೂ ಇತ್ತು. ಇಬ್ಬರೂ ಕೂಡಿ ಆ ನೇಕಾರಳ ಮನೆಗೆ ಹೋದೆವು. ಆಕೆ ಗೋಡೆಗೆ ತೂಗುಹಾಕಲು ಯಾರೋ ಹೇಳಿದ್ದ ಸಣ್ಣ ತುಂಡೊಂದನ್ನು ನೇಯುತ್ತಿದ್ದಳು. ದೊಡ್ಡ ಜಮಖಾನೆಯ ನಕ್ಷೆಯೇ, ಆದರೆ ನವಿಲು ಎರಡೇ ಇದ್ದವು. ಉಳಿದವು ಎಲ್ಲಿ ಎಂದು ಕೇಳಿದೆ.

"ಬಿಟ್ಟೇನ್ರಿ ಬಾಯಾರ. ಇಷ್ಟರಾಗ ಎಲ್ಲಾ ಹಿಡಸಂದ್ರ ನವಲಾ ಸಣ್ಣದು ಮಾಡಬೇಕ್ರಿ. ನವಲಾ ಸಣ್ಣದು ಮಾಡಿದ್ರ ಕೋಳಿ ಆಗತೈತ್ರಿ!"

ಹುಡುಗಿ ನನ್ನ ಮುಖ ನೋಡಿದಳು, ನಾನು ಅವಳ ಮುಖ. ಅಲ್ಲಿಗೆ ಮಗ್ಗವನ್ನು ಪೂರ್ತಿ ತೋರಿಸಬೇಕೆಂಬ ಆಸೆ ಬಿಟ್ಟೆವು. ಅವಳು ಮೊಬೈಲನ್ನು ಅಡ್ಡ ಹಿಡಿದು, ಹತ್ತಿರ ಸರಿದು, ಎರಡು ಕೈ, ಪಂಜ, ಬಡಿಯುತ್ತಿರುವ ನೂಲಿನ ಸಾಲು, ಒಂದೇ ಒಂದು ನವಿಲಿನ ಕುತ್ತಿಗೆ ಇಷ್ಟನ್ನೇ ತೆಗೆದಳು. ಮುಖವೂ ಇರಲಿಲ್ಲ, ಆಕೆಗೂ ಅದೇ ಅನುಕೂಲವೆನಿಸಿತು. ಮನೆಗೆ ಬಂದು, ತಾಣದ ಕತ್ತರಿಗೆ ಬಿಡದೆ ತಾನೇ 1440ಕ್ಕೆ 1080 ಮಾಡಿದಳು. ಮೊದಲು ಕೂದಲೆಳೆಯಷ್ಟು ಮಸುಕು ಮಾಡಿ ಆಮೇಲೆ ಇಳಿಸಿದರೆ ಅಲೆ ಏಳುವುದಿಲ್ಲ. ಇಳಿಸಿದ ಮೇಲೆ ತುಸು ಹರಿತ ಮಾಡಬೇಕು, ಮೊದಲೇ ಅಲ್ಲ. ವಾಟ್ಸಾಪಿನಲ್ಲಿ ನನಗೆ ಕಳಿಸಿ, ಅದನ್ನೇ ತಿರುಗಿ ತೆಗೆದುಕೊಂಡು ಹಾಕುವುದನ್ನೂ ಬಿಡಿಸಿದೆ. ಅಲ್ಲಿ ಸಾಮಾನ್ಯವಾಗಿ ಕಳಿಸಿದರೆ ಚಿತ್ರದ ಉದ್ದ ಸುಮಾರು 1600 ಚುಕ್ಕೆಗೆ ಇಳಿಯುತ್ತದೆ, 2023ರಲ್ಲಿ ಬಂದ ಎಚ್‌ಡಿ ಗುಂಡಿ ಒತ್ತಿದರೆ ಪರವಾಗಿಲ್ಲ.

ಬಹುಮಾನ ಬಂದದ್ದು ಮಂಜಿನಲ್ಲಿ ನಿಂತ ಒಂದು ಎತ್ತಿನ ಬಂಡಿಗೆ. ನಮ್ಮದು ಪ್ರದರ್ಶನಕ್ಕೆ ಆರಿಸಿದ ಚಿತ್ರಗಳಲ್ಲಿ ಎಲ್ಲೋ ನಡುವೆ ಇತ್ತು. ಹುಡುಗಿ ಓಡಿ ಹೋಗಿ ನೇಕಾರಳಿಗೆ ತೋರಿಸಿದಳು. ಆಕೆ ಸೆರಗಿನಿಂದ ಕೈ ಒರಸಿಕೊಂಡು ಮೊಬೈಲನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳಂತೆ. ಆಮೇಲೆ ಕುತ್ತಿಗೆಯ ಕೆಳಗೆ ಬೆರಳಿಟ್ಟು, "ಇಲ್ಲೊಂದು ಎಳಿ ಸಡಲ ಆಗೈತಿ ನೋಡವಾ, ಅವತ್ತ ಮಾತಾಡ್ಕೋತ ಬಡದಿದ್ನಿ" ಎಂದಳಂತೆ.