ಹಿಟ್ಟಿನ ಡಬ್ಬ್ಯಾಗ ಕಾರಿನ ಚಾವಿ

ಹ್ವಾದ ಸಲ ನಾ ಪುಂಡಿಪಲ್ಯದ ಬಗ್ಗೆ ಬರದಿದ್ದೆ. ಅದನ್ನ ಓದಿ ನಮ್ಮ ನೆಗೆಣಿ ಫೋನ್ ಮಾಡಿದ್ಲು. "ಪಲ್ಯ ನಮಗೂ ಮಾಡ್ಲಾಕ ಬರ್ತಾದ ಅಕ್ಕಾ. ನೀ ಈ ವಯಸ್ಸಿನಾಗ ಕಾರ್ ಹ್ಯಾಂಗ ಕಲ್ತಿ, ಪೆಟ್ರೋಲ್ ಹ್ಯಾಂಗ ಉಳಸ್ತಿ, ಅದು ಬರಿ" ಅಂದ್ಲು. ಬರೀತೀನಿ. ಖರೆ ಹೇಳ್ಬೇಕಂದ್ರ, ನಾ ಕಾರ್ ಕಲ್ತಿದ್ದು ಪೆಟ್ರೋಲ್ ಉಳಸ್ಲಾಕ ಅಲ್ಲ. ಅದು ಹಿಂದಿನಿಂದ ಬಂತು. ಮೊದಲ ಬಂದಿದ್ದು ಅಂಜಿಕಿ.

ಮೂರು ವರ್ಷದ ಹಿಂದಿನ ಮಾತು. ತೊಗರಿ ರಾಶಿ ಟೈಮ್. ನಮ್ಮ ತಮ್ಮನ ಮಗಳ ಲಗ್ನದ ಮಾತುಕತಿಗಿ ಕಲಬುರಗಿಗಿ ಹೋಗಿದ್ದೆವು. ವಾಪಸ್ ಹೊರಡೋದು ರಾತ್ರಿ ಎಂಟರ ಮ್ಯಾಲ ಆಯ್ತು. ಇವರೇ ಗಾಡಿ ಹೊಡೀತಿದ್ರು. ಮೊಮ್ಮಗಳು ನನ್ನ ತೊಡಿ ಮ್ಯಾಲ ಮಲಗಿತ್ತು. ಹೌದ್ರಿ, ಮುಂದಿನ ಸೀಟಿನಾಗೇ, ಬೆಲ್ಟ್ ಇಲ್ಲದಂಗ. ತಪ್ಪು ನನ್ನದೇ. ಮಹಾಗಾಂವ ಕ್ರಾಸ್ ದಾಟಿ ಊರ ಕಡಿ ಬರ್ಲಾಕತ್ತಿದ್ದೆವು. ಎದುರಿಗಿ ಒಂದು ಲಾರಿ ಫುಲ್ ಲೈಟ್ ಹಾಕ್ಕೊಂಡು ಬಂತು. ಅದು ದಾಟಿದ ಮ್ಯಾಲ ನನಗ ಮುಂದ ಕರ್ರಗ ಏನೋ ನಿಂತಂಗ ಕಾಣಿಸ್ತು. "ರೀ!" ಅಂತ ಚೀರಿದೆ. ಇವರು ಬ್ರೇಕ್ ತುಳಿದ್ರು. ತೊಗರಿ ಕಟಗಿ ತುಂಬಿದ ಟ್ರ್ಯಾಕ್ಟರ್ ಟ್ರಾಲಿ ರಸ್ತೆ ಮ್ಯಾಲೇ ನಿಂತಿತ್ತು. ಹಿಂದ ಲೈಟಿಲ್ಲ, ಕೆಂಪು ಅರಿವಿ ಇಲ್ಲ. ಕಟಗಿ ತುದಿ ನಮ್ಮ ಬಾನೆಟ್ ಗೀಚಿ ನಿಂತಾವ. ಗೇಣು ದೂರ ಅಷ್ಟೇ. ಆದ್ರ ಕೂಸು ನನ್ನ ಕೈ ಜಾರಿ ಮುಂದ ಹೋಗಿ ಬಡೀತು. ಹಣಿ ಮ್ಯಾಲ ನಿಂಬಿಹಣ್ಣಿನಷ್ಟು ಬಾವು ಬಂತು. ಅಷ್ಟಕ್ಕೇ ಮುಗೀತು, ದೇವರು ದೊಡ್ಡಾಂವ.

ಇವರು ಸ್ಟೇರಿಂಗ್ ಹಿಡ್ಕೊಂಡು ಸುಮ್ಮ ಕುಂತ್ರು. ಆಮ್ಯಾಲ ಹಗೂರ ಅಂದ್ರು, "ನನಗ ಕಾಣಲೇ ಇಲ್ಲ."

ಆ ಟ್ರ್ಯಾಕ್ಟರಿನವನಿಗಿ ನಾ ದಾರಿ ಉದ್ದಕ್ಕೂ ಬೈದೆ. ಮನಿಗಿ ಬಂದು ಮಲಗಿದ ಮ್ಯಾಲ ನನಗ ನಿದ್ದಿ ಹತ್ತಲಿಲ್ಲ. ಯಾಕಂದ್ರ, ಇವರಿಗಿ ಕಾಣ್ಲಾರದ್ದು ನನಗ ಆರು ತಿಂಗಳಿಂದ ಗೊತ್ತಿತ್ತು. ಪೇಪರ್ ಓದ್ಲಾಕ ಬಾಗಿಲ ತನಕ ಹೋಗಿ ಬೆಳಕಿಗಿ ಹಿಡೀತಿದ್ರು. ಬೀದಿ ಲೈಟಿನ ಸುತ್ತ ಬಳಿ ಬಳಿ ಕಾಣ್ತಾದ ಅಂತಿದ್ರು. ಶುಗರ್ ಬ್ಯಾರೆ ಅದ. ಎಲ್ಲಾ ನೋಡಿ ನಾ ಸುಮ್ಮಿದ್ದೆ. ಮೂವತ್ತು ವರ್ಷ ಗಾಡಿ ಹೊಡದ ಮನುಷ್ಯಾಗ "ನಿಮಗ ಕಾಣಲ್ಲ" ಅಂತ ಹ್ಯಾಂಗ ಹೇಳೋದು ಅಂತ. ಆ ಸಂಕೋಚದ ಬೆಲಿ ಕೂಸಿನ ಹಣಿ ಮ್ಯಾಲ ಬರದಿತ್ತು.

ಮುಂಜಾನೆ ಎದ್ದು ಕಾರಿನ ಚಾವಿ ತಗೊಂಡು ಜೋಳದ ಹಿಟ್ಟಿನ ಡಬ್ಬ್ಯಾಗ ಹಾಕಿಬಿಟ್ಟೆ. ಮೂರನೇ ದಿನ ಕೇಳಿದ್ರು. "ಕಣ್ಣು ತೋರಿಸಿದ ಮ್ಯಾಲ ಕೊಡ್ತೀನಿ" ಅಂದೆ. ಸಿಟ್ಟಿಗಿ ಬಂದು ಊಟಾ ಬಿಟ್ಟು ಎದ್ದು ಹ್ವಾದ್ರು. ಎರಡು ದಿನ ಮಾತಿಲ್ಲ. ನಾನೂ ಬಗ್ಗಲಿಲ್ಲ. ಕೊನಿಗಿ ಬಸ್ಸಿನಾಗೇ ಕಲಬುರಗಿಗಿ ಹೋದೆವು. ಎರಡೂ ಕಣ್ಣಿಗಿ ಪೊರಿ ಬಂದಿತ್ತು. ಸಾಲದ್ದಕ್ಕ ಶುಗರಿನಿಂದ ಎಡಗಣ್ಣಿನ ಹಿಂದಿನ ಪರದಿಗೂ ಪೆಟ್ಟು ಬಿದ್ದಿತ್ತು. ಒಂದಾದ ಮ್ಯಾಲೊಂದು ಆಪರೇಷನ್ ಆದ್ವು. ಪೊರಿ ಹೋಯ್ತು. "ಹಗಲೊತ್ತು ನೋಡೋಣ, ರಾತ್ರಿ ಮಾತ್ರ ಗಾಡಿ ಮುಟ್ಟಬ್ಯಾಡ್ರಿ" ಅಂದ್ರು ಡಾಕ್ಟರ್.

ಮಗ ಹೈದರಾಬಾದಿನಾಗ ಅದಾನ. ರಾತ್ರಿ ಏನಾರ ತ್ರಾಸ ಆದ್ರ ಯಾರಿಗಿ ಕರೀಬೇಕು? ನಾನೇ ಕಲೀತೀನಿ ಅಂದೆ. ಆಗ ನನಗ 52 ವರ್ಷ. ಮೊದಲ ಕಲಿಯೋರ ಲೈಸನ್ಸ್ ತಗೋಬೇಕು, ಅದು ಆರು ತಿಂಗಳ ನಡೀತಾದ. ಅದಾಗಿ 30 ದಿನ ಕಳೀದ ಹೊರತು ಪಕ್ಕಾ ಲೈಸನ್ಸಿನ ಪರೀಕ್ಷಾಕ್ಕ ಹೋಗ್ಲಾಕ ಬರಲ್ಲ. ಅಕ್ಕನ ಮಗ ಮುಂಜಾನೆ ಐದೂವರಿಗಿ ಶಾಲಿ ಬಯಲಿಗಿ ಕರಕೊಂಡು ಹೋಗ್ತಿದ್ದ. ಗಾಡಿ ದಡಕ್ ಅಂತ ಬಂದ್ ಬೀಳ್ತಿತ್ತು. ಕಟ್ಟಿ ಮ್ಯಾಲ ಕುಂತೋರು ನಗ್ತಿದ್ರು. ನಗಲಿ ಬಿಡ್ರಿ, ಅವರ ಮನಿ ರೊಟ್ಟಿ ನಾ ಬಡೀಬೇಕಾಗಿಲ್ಲ. ಸೀರಿ ಉಡೋರಿಗಿ ಒಂದು ಮಾತು: ನಿರಿಗಿ ಜರಾ ಮ್ಯಾಲ ಎತ್ತಿ ಪಿನ್ ಹಾಕ್ಕೋರಿ, ಪೆಡಲಿಗಿ ಸಿಗಬಾರದು. ಎತ್ತರ ಹಿಮ್ಮಡದ ಚಪ್ಪಲಿ ಬ್ಯಾಡ. ಸೀಟಿನ ಕೆಳಗ ಚಪ್ಪಲಿ, ನೀರಿನ ಬಾಟ್ಲಿ ಇಡಲೇಬ್ಯಾಡ್ರಿ. ಉರುಳಿ ಬ್ರೇಕಿನ ಕೆಳಗ ಹೊಕ್ಕರ ಮುಗೀತು.

ಕಲ್ತ ಮ್ಯಾಲ ನನಗೊಂದು ತಿಳೀತು. ಒಲಿ ಮುಂದ ಕುಂತಾಕಿಗಿ ಈ ಕೆಲಸ ಹೊಸಾದಲ್ಲ. ಬ್ಯಾಳಿ ಕುದಿ ಬಂದ ಮ್ಯಾಲ ಉರಿ ಸಣ್ಣ ಮಾಡ್ತೀವಿಲ್ಲ? ಉರಿ ದೊಡ್ಡದಿಟ್ರ ಬ್ಯಾಳಿ ಜಲ್ದಿ ಬೇಯಲ್ಲ, ಉಕ್ಕಿ ಹೋಗಿ ಗ್ಯಾಸ್ ಖಾಲಿ ಆಗ್ತಾದ ಅಷ್ಟೇ. ಎಕ್ಸಲೇಟರ್ ಅಂದ್ರ ಆ ಉರಿ. ಕಾಲಿಂದ ಒತ್ತೋದು ಗಾಡಿನ್ನಲ್ಲ, ರೊಕ್ಕದ ಚೀಲನ್ನ.

ಹಾಲಿನ ಲೆಕ್ಕದ ವಹಿ ಹಿಂದಿನ ಹಾಳಿಗಿ ಪೆಟ್ರೋಲ್ ಲೆಕ್ಕ ಶುರು ಮಾಡಿದೆ. ಲೆಕ್ಕ ಸರಳ ಅದ. ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಬರಕೋರಿ. ಮುಂದಿನ ಸಲ ಮತ್ತ ಫುಲ್ ಮಾಡಿಸಿ, ಎಷ್ಟು ಲೀಟರ್ ಹಿಡೀತು ನೋಡ್ರಿ. ಓಡಿದ ಕಿಲೋಮೀಟರಿಗಿ ಆ ಲೀಟರಿಂದ ಭಾಗಿಸ್ರಿ. ಮಗ ಹಬ್ಬಕ್ಕ ಬಂದು ಅದೇ ಕಾರ್ ಅದೇ ರಸ್ತಾದಾಗ ಓಡಿಸಿದಾಗ ಲೀಟರಿಗಿ 14 ಬಂತು. ನಾ ಓಡಿಸಿದಾಗ 18. ನೂರು ಕಿಲೋಮೀಟರಿಗಿ ಒಂದೂವರಿ ಲೀಟರಿನ ಮ್ಯಾಲ ಫರಕ್. ಲೀಟರಿಗಿ ನೂರು ರೂಪಾಯಿ ದಾಟ್ಯಾದ, ನೀವೇ ಲೆಕ್ಕ ಹಾಕ್ರಿ. ಇನ್ನೊಂದು ಲೆಕ್ಕ ವಹ್ಯಾಗ ಕಾಣಲ್ಲ. ಒಂದು ಲೀಟರ್ ಪೆಟ್ರೋಲ್ ಸುಟ್ರ ಎರಡು ಕಿಲೋದ ಮ್ಯಾಲ ಕಾರ್ಬನ್ ಡೈಆಕ್ಸೈಡ್ ಗಾಳಿಗಿ ಸೇರ್ತಾದ. ಅಂದ್ರ ಒಂದು ಸಲ ಓಡಾಡೋದ್ರಾಗ ಮಗ ನನಗಿಂತ ಮೂರೂವರಿ ಕಿಲೋ ಹೊಗಿ ಹೆಚ್ಚಿಗಿ ಬಿಟ್ಟಂಗ. ನಮ್ಮ ಸೇಡಂ, ವಾಡಿ ಕಡಿ ಸಿಮೆಂಟಿನ ಧೂಳು ಮೊದಲೇ ಅದ. ಬ್ಯಾಸಗ್ಯಾಗ ಬಿಸಲು 42, 43 ಆಗ್ತಾದ. ಅದರ ಮ್ಯಾಲ ನಮ್ಮದೂ ಯಾಕ?

ಮಗ ಕೇಳ್ದ, "ಅವ್ವಾ, ಎತ್ತಿನ ಬಂಡಿಗತೆ ಹೊಡದ್ರ ಊರು ಮುಟ್ಟೋದು ಯಾವಾಗ?" ಕುಂದರಿಸಿ ಲೆಕ್ಕ ತೋರಿಸ್ದೆ. 50 ಕಿಲೋಮೀಟರ್ ದಾರಿನ್ನ 80ರ ಸ್ಪೀಡಿನಾಗ ಹ್ವಾದ್ರ 37–38 ಮಿನಿಟ, 60ರಾಗ ಹ್ವಾದ್ರ 50 ಮಿನಿಟ. ಉಳಿಯೋದು 12–13 ಮಿನಿಟ. ಒಂದು ಚಾ ಕುಡಿಯೋ ಹೊತ್ತು. ಅದೂ ರಸ್ತಾ ಖಾಲಿ ಇದ್ರ. ನಮ್ಮ ರಸ್ತಾದಾಗ ತಗ್ಗು, ಎಮ್ಮಿ, ಕುರಿ ಹಿಂಡು ಎಲ್ಲಾ ಬರ್ತಾವ, ಅಷ್ಟೂ ಉಳಿಯಲ್ಲ. ಪೆಟ್ರೋಲ್ ಉಳಿತಾಯಕ್ಕಂತ 1978ರಿಂದ ಕೇಂದ್ರ ಸರ್ಕಾರದ ಪಿ.ಸಿ.ಆರ್.ಎ. ಅನ್ನೋ ಸಂಸ್ಥಾ ಅದ. ಅವರೂ ಇದನ್ನೇ ಹೇಳ್ತಾರ: 45ರಿಂದ 55ರ ಸ್ಪೀಡಿನಾಗ ಗಾಡಿ ಚೊಲೊ ಮೈಲೇಜ್ ಕೊಡ್ತಾದ, 80ಕ್ಕ ಏರಿಸಿದ್ರ ಭಾಳ ಕುಡೀತಾದ.

ಜೀವದ ಲೆಕ್ಕ ಇನ್ನೂ ದೊಡ್ಡದು. 80ರ ಸ್ಪೀಡಿನಾಗ ಗಾಡಿ ಒಂದು ಸೆಕೆಂಡಿಗಿ 22 ಮೀಟರ್ ಮುಂದ ಹೋಗ್ತಾದ. ಕಣ್ಣು ನೋಡಿ, ತಲಿಗಿ ತಿಳದು, ಕಾಲು ಬ್ರೇಕಿಗಿ ಬರೋದ್ರಾಗ ಆ ಸೆಕೆಂಡು ಹೋಗೇಬಿಟ್ಟಿರ್ತಾದ. ಸ್ಪೀಡು ಎರಡರಷ್ಟಾದ್ರ, ಬ್ರೇಕ್ ತುಳಿದ ಮ್ಯಾಲ ಗಾಡಿ ನಿಂದರ್ಲಾಕ ಬೇಕಾಗೋ ಜಾಗ ಎರಡರಷ್ಟಲ್ಲ, ನಾಕರಷ್ಟು. ಆ ರಾತ್ರಿ ಇವರು 50ರ ಮ್ಯಾಲ ಇದ್ದಿಲ್ಲ, ಅದಕ್ಕೇ ಗೇಣು ಉಳೀತು. ಮಗನ ಸ್ಪೀಡಿನಾಗಿದ್ರ ನಾ ಇವತ್ತು ಇದನ್ನ ಬರೀತಿದ್ದಿಲ್ಲ. ಇದನ್ನ ಹೇಳಿದ ಮ್ಯಾಲ ಅವ ತಿರುಗಿ ಮಾತಾಡ್ಲಿಲ್ಲ.

ಇನ್ನ ನಾ ಮಾಡೋ ಸಣ್ಣ ಸಣ್ಣ ಕೆಲಸ ಹೇಳ್ತೀನಿ, ವಹ್ಯಾಗ ಬರಕೋರಿ.

ಹದಿನೈದು ದಿನಕ್ಕೊಮ್ಮೆ ಗಾಲಿ ಹವಾ ನೋಡ್ಸಿರಿ. ಗಾಲಿ ತಣ್ಣಗಿದ್ದಾಗೇ ನೋಡ್ಬೇಕು, ದೂರ ಓಡಿ ಬಂದ ಮ್ಯಾಲಲ್ಲ. ಎಷ್ಟು ಇರ್ಬೇಕು ಅನ್ನೋದು ಡ್ರೈವರ್ ಬಾಗಿಲ ಸಂದ್ಯಾಗ ಚೀಟಿ ಮ್ಯಾಲ ಬರದಿರ್ತಾದ. ಹವಾ ಕಡಿಮಿ ಇದ್ರ ಗಾಡಿ ಎಳೀಲಾಕ ಪೆಟ್ರೋಲ್ ಹೆಚ್ಚಿಗಿ ಬೇಕು. ಬ್ಯಾಸಗ್ಯಾಗ ಗಾಲಿ ಕಾದು ಒಡೆಯೋದೂ ಇದರಿಂದೇ.

ಡಿಕ್ಕಿ ಅಂದ್ರ ಉಗ್ರಾಣ ಅಲ್ರಿ. ನಮ್ಮ ಡಿಕ್ಕ್ಯಾಗ ಎರಡು ತಿಂಗಳ ಅರ್ಧ ಚೀಲ ಜೋಳ ಸುಮ್ಮ ಊರು ಸುತ್ತಿತ್ತು. ಇಳಸ್ರಿ.

ಒಬ್ಬರ ಮನಿ ಮುಂದ ನಿಂತು "ಬಂದೆ ಬಂದೆ" ಅನ್ಕೋತ ಕಾಲು ತಾಸು ಇಂಜಿನ್ ಚಾಲೂ ಇಡೋದು ನಮ್ಮ ಕಡಿ ಭಾಳ. ಬಂದ್ ಮಾಡ್ರಿ. ಬಿಸಲಾಗ ನಿಂತ ಗಾಡಿ ಹತ್ತಿದ ಕೂಡ್ಲೆ ಎ.ಸಿ. ಹಾಕಬ್ಯಾಡ್ರಿ. ಮೊದಲ ನಾಕೂ ಕಿಡಕಿ ಇಳಿಸಿ ಬಿಸಿ ಹವಾ ಹೊರಗ ಹೋಗ್ಲಿ. ಬೇವಿನ ಗಿಡದ ನೆರಳು ಸಿಕ್ರ ನಾಕು ಹೆಜ್ಜಿ ದೂರಾದ್ರೂ ಅಲ್ಲೇ ನಿಂದರಿಸ್ರಿ.

ಇಳಿಜಾರಿನಾಗ ನ್ಯೂಟ್ರಲ್ ಹಾಕಿ ಬಿಡೋದು ಇವರ ಹಳೇ ಚಟ. ಪೆಟ್ರೋಲ್ ಉಳೀತಾದ ಅಂತಾರ. ಉಳಿಯಲ್ರಿ. ಈಗಿನ ಗಾಡ್ಯಾಗ ಗೇರಿನಾಗಿದ್ದು ಎಕ್ಸಲೇಟರ್ ಬಿಟ್ರ ಪೆಟ್ರೋಲ್ ತಾನೇ ಬಂದ್ ಆಗ್ತಾದ, ಇಂಜಿನ್ನೇ ಗಾಡಿ ಹಿಡೀತಾದ. ನ್ಯೂಟ್ರಲ್ ಹಾಕಿದ್ರ ಆ ಹಿಡಿತ ಹೋಗಿ ಬರೇ ಬ್ರೇಕಿನ ಮ್ಯಾಲೇ ಭಾರ.

ಕ್ಲಚ್ ಮ್ಯಾಲ ಕಾಲಿಟ್ಕೊಂಡು ಕುಂದರಬ್ಯಾಡ್ರಿ. ದೂರ ನೋಡಿ ನಡಸ್ರಿ. ಮುಂದ ಕುರಿ ಹಿಂಡು ಕಂಡ್ರ ಅಲ್ಲಿಂದೇ ಕಾಲು ಹಗೂರ ಮಾಡ್ರಿ. ಹತ್ತಿರ ಹೋಗಿ ಬ್ರೇಕ್ ಹೊಡದ್ರ, ಸುಟ್ಟ ಪೆಟ್ರೋಲ್ ಎಲ್ಲಾ ಬ್ರೇಕಿನಾಗ ಬಿಸಿ ಆಗಿ ಹೋಗ್ತಾದ.

ರಾಶಿ ಟೈಮಿನಾಗ ರಸ್ತಾ ಮ್ಯಾಲ ತೊಗರಿ, ಜೋಳ ಹಾಸಿರ್ತಾರಲ್ಲ, ಅದರ ಮ್ಯಾಲ ಕಾರ್ ಹಾಯಿಸೋದು ಭಾಳ ಅಪಾಯ. ಒಣ ಕಟಗಿ ಕೆಳಗ ಸಿಕ್ಕೊಂಡು ಸೈಲೆನ್ಸರ್ ಪೈಪಿನ ಕಾವಿಗಿ ಬೆಂಕಿ ಹತ್ತಿ ಪೂರಾ ಗಾಡಿ ಸುಟ್ಟಿದ್ದು ನಮ್ಮ ರಾಜ್ಯದಾಗ ಎಷ್ಟೋ ಸಲ ಆಗ್ಯಾದ. ದಾರಿ ಇದ್ರ ಸುತ್ತಿ ಹೋಗ್ರಿ. ಹಾಯಲೇಬೇಕಾದ್ರ, ದಾಟಿದ ಮ್ಯಾಲ ನಿಂದರಿಸಿ, ಇಳಿದು ಕೆಳಗ ಬಗ್ಗಿ ನೋಡ್ರಿ. ಮತ್ತ ನಾವೂ ಒಕ್ಕಲುತನದ ಮಂದಿ ಅದೀವಿ. ಕಣ ಬಿಟ್ಟು ರಸ್ತಾದಾಗ ಹಾಸೋದು ನಾವೇ ಬಿಡ್ಬೇಕು. ನಮ್ಮ ಟ್ರಾಲಿ ಹಿಂದ ಹೊಳೆಯೋ ಕೆಂಪು ಪಟ್ಟಿ ಹಚ್ಚಬೇಕು. ನಮ್ಮ ಭಾವನವರ ಟ್ರಾಲಿಗಿ ನಾನೇ ನಿಂತು ಹಚ್ಚಿಸೀನಿ.

ಗಾಡಿ ಹಳ್ಳಕ್ಕ ಇಳಿಸಿ ತೊಳೀಬ್ಯಾಡ್ರಿ. ಆ ಆಯಿಲ್ ನೀರಾಗ ಹೋಗಿ ಎಮ್ಮಿ ಹೊಟ್ಟಿಗಿ, ಎಮ್ಮಿ ಹಾಲಿನಿಂದ ನಮ್ಮ ಕಡೀಗೇ. ಎರಡು ಬಕೆಟ್ ನೀರು, ಒಂದು ಹಳೇ ಪಂಜಿ ಸಾಕು.

ಇನ್ನ ಎಲ್ಲಕ್ಕಿಂತ ದೊಡ್ಡ ಉಳಿತಾಯ ಹೇಳ್ಲಾ? ಗಾಡಿ ತಗೀಲಾರದ್ದು. ನಾ ಒಬ್ಬಾಕಿನೇ ಹೋಗೋದಿದ್ರ ಬಸ್ಸೇ. 2023ರ ಜೂನ್ 11ರಿಂದ ಶಕ್ತಿ ಯೋಜನಾದಾಗ ನಮಗ ಟಿಕೇಟಿಗಿ ರೊಕ್ಕಿಲ್ಲ. ಬಸ್ ಹ್ಯಾಂಗಿದ್ರೂ ಹೊಂಟಿರ್ತಾದ, ನಾ ಹತ್ತಿದ್ರ ಹೊಸಾ ಹೊಗಿ ಏನೂ ಆಗಲ್ಲ. ಕಾರ್ ತಗೀಲೇಬೇಕಾದ್ರ ನಾಕು ಕೆಲಸ ಕೂಡಿಸಿಕೊಂಡು, ಓಣ್ಯಾಗ ಯಾರು ಬರ್ತೀರಿ ಅಂತ ಕೇಳಿ ಹೊರಡ್ತೀನಿ. ಹಿಂದ ಕುಂತೋರಿಗೂ ಬೆಲ್ಟ್ ಹಾಕಿಸ್ತೀನಿ. ಕೂಸುಗಳು ಹಿಂದೇ. ಕೂಸಿನ್ನ ಅದರ ಸೀಟಿನಾಗೇ ಕೂಡಸ್ತೀನಿ, ತೊಡಿ ಮ್ಯಾಲ ಯಾರೂ ಇಟ್ಕೊಳ್ಳೋ ಹಂಗಿಲ್ಲ. ನಮ್ಮ ವೈನಿ ಇದಕ್ಕ ಮುಖ ಸಿಂಡರಿಸ್ತಾರ. ಸಿಂಡರಿಸ್ಲಿ.

ನಿಮ್ಮೊಳಗ ಭಾಳ ಮಂದಿ ಗಾಡಿ ಹೊಡಿಯಲ್ಲ, ಗೊತ್ತದ. ಆದ್ರ ಬಾಜು ಸೀಟಿನಾಗ ಕೂಡೋರು ನೀವೇ. "ಜಲ್ದಿ ಹೊಡೀರಿ, ಮುಹೂರ್ತ ದಾಟ್ತಾದ" ಅನ್ನೋರೂ ನಾವೇ. ಅದರ ಬದಲಿ ಅರ್ಧ ತಾಸು ಮೊದಲ ಒಲಿ ಆರಿಸಿ ಹೊರಡ್ರಿ. ಗಾಡಿ ಹೊಡಿಯೋರ ಫೋನ್ ನೀವು ಇಟ್ಕೋರಿ. ಅವರಿಗಿ ಕಣ್ಣು ಮಂಜಾಗಿದ್ದು, ತೂಕಡಿಕಿ ಬಂದಿದ್ದು, ಮೊದಲ ಗೊತ್ತಾಗೋದು ನಮಗೇ. ನಾ ಆರು ತಿಂಗಳ ಸುಮ್ಮಿದ್ದಂಗ ನೀವು ಇರಬ್ಯಾಡ್ರಿ. ಸಿಟ್ಟಿಗಿ ಬರ್ತಾರ, ಒಂದೆರಡು ದಿನ ಉಪಾಸ ಕೂಡ್ತಾರ. ಆಮ್ಯಾಲ ಹಸಿವಿ ತಾನೇ ಕರ್ಕೊಂಡು ಬರ್ತಾದ.

ಇವರು ಈಗ ಹಗಲೊತ್ತು ಹೊಲದ ತನಕ ಓಡಿಸ್ತಾರ. ಹೊತ್ತು ಮುಳುಗಿದ ಮ್ಯಾಲ ಹೊರಡೋದಿದ್ರ ತಾವೇ ಚಾವಿ ತಂದು ನನ್ನ ಕೈಯಾಗ ಕೊಡ್ತಾರ. ಏನೂ ಮಾತಾಡಲ್ಲ. ಮೊದಮೊದಲ ಬಾಜೂಕ ಕುಂತು ಇವರೂ ಕಾಲಿಂದ ಇಲ್ಲದ ಬ್ರೇಕ್ ತುಳೀತಿದ್ರು. ಈಗ ಕಡಿಮಿ ಆಗ್ಯಾದ. ಪೆಟ್ರೋಲ್ ವಹಿ ಈಗ ಅವರ ಕೈಯಾಗೇ ಅದ. ಎಳ್ಳಮಾಸಿ ದಿನ ಹೊಲದಾಗ ಸಜ್ಜಿ ರೊಟ್ಟಿ, ಭಜ್ಜಿ ಉಂಡು, ಮಂದಿ ಎಲ್ಲಾ ಕುಂತಾಗ ವಹಿ ತಗದು ಭಾವನವರಿಗಿ ತೋರಸ್ಲಾಕತ್ತಿದ್ರು: "ನೋಡ್ರಿ, ಈ ತಿಂಗಳ 19 ಬಿದ್ದಾದ." ನಾ ಓಡಿಸಿದ್ದು ಅಂತ ಹೇಳ್ಲಿಲ್ಲ. ಇರ್ಲಿ ಬಿಡ್ರಿ.

ಮೊಮ್ಮಗಳ ಹಣಿ ಮ್ಯಾಲ ಕಲಿ ಇಲ್ಲ. ನನಗ ಮಾತ್ರ ಈಗೂ ಕಾಣ್ತಾದ.

ಬರ್ತೀನ್ರಿ, ಹಿಟ್ಟು ನಾದೋದದ. ಮುಂದಿನ ಸಲ ನೆಗೆಣಿಗಿ ಗೊತ್ತಿಲ್ಲದ ಪಲ್ಯ ಒಂದು ಬರೀತೀನಿ.